ಬಿಲ್ಡ್ ಆಗುವಾಗಲೇ ಕನ್ನಡ ಕಡತಗಳಿಂದ ಕೀವರ್ಡ್ ತೆಗೆಯುವುದು ಹೇಗೆ?

ಕೆರೆ, ನೀರಾವರಿಗಳ ಕುರಿತ ಕನ್ನಡ ಲೇಖನಗಳು ಪಠ್ಯ ಕಡತಗಳಲ್ಲಿವೆ, ಮೇಕ್ ಎಂಬ ತಂತ್ರಾಂಶ ಬಳಸಿ ಅವುಗಳಿಂದ ಜಾಲತಾಣ ಕಟ್ಟುತ್ತೀರಿ, ಪ್ರತಿ ಬಿಲ್ಡ್‌ನಲ್ಲೂ ಕೀವರ್ಡ್‌ಗಳು ತಾವಾಗಿ ಬರಬೇಕು. ಆದರೆ ಪೈಥಾನ್ ಭಾಷೆಯ ಸೈಕಿಟ್-ಲರ್ನ್ ಲೈಬ್ರರಿ ಕೊಡುವ ಪಟ್ಟಿಯ ತುಂಬ ಅರ್ಥವಿಲ್ಲದ ತುಣುಕುಗಳಿವೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕನ್ನಡ ಪ್ರಬಂಧಗಳ ಒಂದು ಸಂಗ್ರಹಕ್ಕೆ ನಾನು ಇಂಥದೇ ವ್ಯವಸ್ಥೆ ಮಾಡಿಕೊಂಡಿದ್ದೇನೆ. ಮೊದಲು ಆ ತುಣುಕುಗಳ ವಿಷಯವನ್ನೇ ಹೇಳುತ್ತೇನೆ. ಅದು ಸರಿಯಾಗದೆ ಮುಂದಿನ ಯಾವುದೂ ಸರಿಯಾಗದು.

ತೊಂದರೆ ಇರುವುದು ಪದ ಬಿಡಿಸುವ ಹಂತದಲ್ಲಿ. ಪೈಥಾನ್‌ನೊಂದಿಗೇ ಬರುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡ್ಯೂಲ್ (ಕೊಟ್ಟ ನಮೂನೆಗೆ ಹೊಂದುವ ಪಠ್ಯವನ್ನು ಹುಡುಕುವ ಭಾಗ) ನಮ್ಮ ಸ್ವರ, ವ್ಯಂಜನಗಳನ್ನು ಅಕ್ಷರಗಳೆಂದು ಒಪ್ಪುತ್ತದೆ. ಗುಣಿತದ ಚಿಹ್ನೆಗಳನ್ನೂ ಹಲಂತವನ್ನೂ ಒಪ್ಪುವುದಿಲ್ಲ, ಅವು ಬಂದಲ್ಲೆಲ್ಲ ಪದವನ್ನು ಕತ್ತರಿಸುತ್ತದೆ. ಇದರ ಮೇಲೆ ಸೈಕಿಟ್-ಲರ್ನ್‌ನ ಪೂರ್ವನಿಯೋಜಿತ ನಮೂನೆ ಒಂದೇ ಅಕ್ಷರದ ತುಣುಕುಗಳನ್ನು ಎಸೆದುಬಿಡುತ್ತದೆ. ಹಾಗಾಗಿ ‘ಕನ್ನಡ’ ಎಂಬುದು ‘ಕನ’, ‘ನಡ’ ಎಂದು ಒಡೆಯುತ್ತದೆ, ‘ನೀರಾವರಿ’ಯಲ್ಲಿ ‘ವರ’ ಮಾತ್ರ ಉಳಿಯುತ್ತದೆ, ‘ಕೆರೆ’ಯಂತೂ ಪೂರ್ತಿ ಮಾಯವಾಗುತ್ತದೆ. ಕೆರೆಗಳ ಬಗ್ಗೆಯೇ ಇರುವ ಸಂಗ್ರಹದಲ್ಲಿ ಕೆರೆ ಎಂಬ ಪದವೇ ಸಿಗದಿದ್ದರೆ ಮಾಡಿದ ಲೆಕ್ಕಕ್ಕೆ ಅರ್ಥವಿಲ್ಲ.

ಪರಿಹಾರ ಸುಲಭ. ಯೂನಿಕೋಡ್‌ನಲ್ಲಿ ಕನ್ನಡದ ವಿಭಾಗ ದಶಮಾನದ 3200ರಿಂದ 3327ರವರೆಗೆ ಇದೆ. ಈ ವ್ಯಾಪ್ತಿಯ ಸಂಕೇತಗಳೂ ಅಕ್ಷರಗಳು ಕೂಡಬೇಕೇ ಬೇಡವೇ ಎಂದು ಸೂಚಿಸುವ 8204, 8205ರ ಅಗೋಚರ ಜೋಡಕಗಳೂ ಒಂದರ ಪಕ್ಕ ಒಂದು ಬಂದಷ್ಟೂ ಒಂದೇ ಪದ ಎಂಬ ನಮೂನೆಯನ್ನು ನೀವೇ ಬರೆದು ಕೊಡಿ. ಅದಕ್ಕೂ ಮೊದಲು ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಅಕ್ಷರವನ್ನು ಯಾವಾಗಲೂ ಒಂದೇ ರೀತಿಯ ಸಂಕೇತಗಳಲ್ಲಿ ಬರೆಯುವ ಯೂನಿಕೋಡ್ ರೂಪಕ್ಕೆ ತನ್ನಿ. ‘ಕೊ’ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಲು ಸಾಧ್ಯ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಪದಗಳನ್ನು ಹೋಲಿಸುವಾಗ ಅಗೋಚರ ಜೋಡಕಗಳನ್ನು ತೆಗೆದುಹಾಕಿ, ಪುಟದಲ್ಲಿ ತೋರಿಸುವಾಗ ಉಳಿಸಿಕೊಳ್ಳಿ.

ಮುಂದಿನದು ವಿಭಕ್ತಿ. ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಗಳನ್ನು ಎಲ್ಲವೂ ಒಂದೇ ಕೀವರ್ಡ್ ಆಗಬೇಕು. ಪ್ರತ್ಯಯಗಳನ್ನು ಕಣ್ಣುಮುಚ್ಚಿ ಕತ್ತರಿಸಿದರೆ ‘ಮಲ್ಲಿಗೆ’ ‘ಮಲ್ಲಿ’ಯಾಗುತ್ತದೆ, ‘ಸಂಪಿಗೆ’ ‘ಸಂಪಿ’ಯಾಗುತ್ತದೆ. ಆದ್ದರಿಂದ ಸಂಪಾದಕರು ಒಪ್ಪಿದ ಪದಗಳ ಪಟ್ಟಿಯೊಂದನ್ನು ಮೂಲ ಕಡತಗಳ ಜೊತೆಯಲ್ಲೇ ಇಡಿ ಎಂಬುದು ನನ್ನ ಬಲವಾದ ಸಲಹೆ. ಪದವು ಇದ್ದಂತೆಯೇ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಉದ್ದದ ಪ್ರತ್ಯಯದಿಂದ ಆರಂಭಿಸಿ ಕತ್ತರಿಸಿ, ಉಳಿದ ಭಾಗ ಪಟ್ಟಿಯಲ್ಲಿದ್ದರೆ ಮಾತ್ರ ಒಪ್ಪಬೇಕು. ಪಟ್ಟಿಯಲ್ಲಿಲ್ಲದೆ ಪದೇ ಪದೇ ಬರುವ ಪದಗಳನ್ನು ಸ್ಕ್ರಿಪ್ಟ್ ಬೇರೊಂದು ಕಡತಕ್ಕೆ ಬರೆಯಲಿ. ಅವುಗಳಲ್ಲಿ ಯಾವುದು ಕೀವರ್ಡ್ ಆಗಬೇಕೆಂದು ಮನುಷ್ಯರೇ ತೀರ್ಮಾನಿಸಲಿ. ಓದುಗರು ಹುಡುಕುವುದು ಈ ಪದಗಳ ಮೂಲಕವೇ. ಆ ಆಯ್ಕೆಯನ್ನು ಪೂರ್ತಿಯಾಗಿ ಯಂತ್ರಕ್ಕೆ ಬಿಡಲು ನನಗೆ ಮನಸ್ಸಿಲ್ಲ.

ಇನ್ನು ಬಿಲ್ಡ್. ಯಾವ ಕಡತ ಬದಲಾಗಿದೆಯೋ ಅದಕ್ಕೆ ಸಂಬಂಧಿಸಿದ ಕೆಲಸವನ್ನಷ್ಟೇ ಮತ್ತೆ ಮಾಡಬೇಕು ಎಂಬುದು 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್ ಬರೆದಾಗಿನಿಂದ ಬಂದ ತತ್ತ್ವ. ಕೀವರ್ಡ್ ಆರಿಸಲು ಪದಗಳಿಗೆ ತೂಕ ಕೊಡುವ ಟಿಎಫ್-ಐಡಿಎಫ್ ಲೆಕ್ಕ ಇದಕ್ಕೆ ಅಡ್ಡ ಬರುತ್ತದೆ. 1972ರಲ್ಲಿ ಕರೆನ್ ಸ್ಪಾರ್ಕ್ ಜೋನ್ಸ್ ಮಂಡಿಸಿದ ಐಡಿಎಫ್ ಕಲ್ಪನೆಯಂತೆ, ಪದವೊಂದು ಎಷ್ಟು ಕಡಿಮೆ ಕಡತಗಳಲ್ಲಿ ಬರುತ್ತದೋ ಅದರ ತೂಕ ಅಷ್ಟು ಹೆಚ್ಚು. ಅಂದರೆ ಒಂದು ಲೇಖನ ಸೇರಿಸಿದರೆ ಉಳಿದೆಲ್ಲ ಲೇಖನಗಳ ಅಂಕಗಳೂ ಅಲುಗಾಡುತ್ತವೆ. ಹಾಗಾಗಿ ಕೆಲಸವನ್ನು ಎರಡು ಹಂತ ಮಾಡಿ. ಮೊದಲ ಹಂತದಲ್ಲಿ ಪ್ರತಿ ಕಡತಕ್ಕೂ ಅದರದೇ ಪದಗಳ ಎಣಿಕೆ ಸಿದ್ಧವಾಗಲಿ. ಹೆಚ್ಚು ಸಮಯ ತಿನ್ನುವುದು ಇದೇ, ಇದು ಬದಲಾದ ಕಡತಗಳಿಗೆ ಮಾತ್ರ ನಡೆಯುತ್ತದೆ. ಎರಡನೆಯ ಹಂತ ಆ ಎಣಿಕೆಗಳನ್ನೆಲ್ಲ ಕೂಡಿಸಿ ತೂಕ ಹಾಕಲಿ. ಮೇಕ್‌ಗೆ ಬರೆದುಕೊಡುವ ಎಣಿಕೆಯ ನಿಯಮಕ್ಕೆ ಲೇಖನದ ಜೊತೆಗೆ ಸ್ಕ್ರಿಪ್ಟನ್ನೂ ಪದಪಟ್ಟಿಯನ್ನೂ ಅವಲಂಬನೆಗಳಾಗಿ ಸೇರಿಸಿ, ಇಲ್ಲವಾದರೆ ಪಟ್ಟಿ ತಿದ್ದಿದರೂ ಹಳೆಯ ಫಲಿತಾಂಶವೇ ಉಳಿಯುತ್ತದೆ.

ಅಂಕ ಸಮನಾದ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಆಗ ಯಾರ ಗಣಕದಲ್ಲಿ ನಡೆಸಿದರೂ ಒಂದೇ ಫಲಿತಾಂಶ ಬರುತ್ತದೆ. ಒಂದು ಪುಟದ ಕೀವರ್ಡ್‌ಗಳು ಹಿಂದಿನಂತೆಯೇ ಇದ್ದರೆ ಅವನ್ನು ಬರೆದಿಟ್ಟ ಕಡತವನ್ನು ಮುಟ್ಟಲೇಬೇಡಿ. ಮುಟ್ಟಿದರೆ ಅದರ ಸಮಯಮುದ್ರೆ ಬದಲಾಗಿ ಪುಟವೂ ಸುಮ್ಮನೆ ಮತ್ತೆ ಕಟ್ಟಲ್ಪಡುತ್ತದೆ. ಕಡತಗಳ ಹೆಸರಿನಲ್ಲಿ ಖಾಲಿ ಜಾಗ ಬೇಡ, ಮೇಕ್ ಅದನ್ನು ಎರಡು ಹೆಸರುಗಳೆಂದು ಓದುತ್ತದೆ.

ಕೊನೆಗೆ, ಒಂದೂ ಕೀವರ್ಡ್ ಸಿಗದ ಕಡತ ಕಂಡರೆ ಅದರ ಹೆಸರು ಹೇಳಿ ಬಿಲ್ಡ್ ನಿಲ್ಲುವಂತೆ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಲೇಖನಗಳು ಸಂಗ್ರಹದಲ್ಲಿದ್ದರೆ ಅವು ಸಿಕ್ಕಿಬೀಳುವುದು ಇಲ್ಲೇ: ಪರದೆಯ ಮೇಲೆ ಕನ್ನಡ, ಒಳಗೆ ಒಂದೂ ಕನ್ನಡ ಸಂಕೇತವಿಲ್ಲ. ಅಂಥವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಕಣ್ಣಾರೆ ಓದಿ ತಿದ್ದಿ, ಆಮೇಲೆ ಸಂಗ್ರಹಕ್ಕೆ ಸೇರಿಸಿ.