ಅಂಗಾಲು ಉರಿಗೆ ಕರೆಂಟು: ಪ್ಯಾಡ್ ಎಲ್ಲಿ ಹಚ್ಚಬೇಕು?

ಪ್ರಶ್ನೆ: ಅಮ್ಮನಿಗೆ 64 ವರ್ಷ, ಹಳೆಯ ಸಕ್ಕರೆ ಕಾಯಿಲೆ. ರಾತ್ರಿ ಅಂಗಾಲು ಉರಿ. ಚರ್ಮಕ್ಕೆ ಪ್ಯಾಡ್ ಹಚ್ಚಿ ಸಣ್ಣ ಕರೆಂಟು ಕೊಟ್ಟು ನೋವು ತಗ್ಗಿಸುವ ಟೆನ್ಸ್ ಮಷಿನ್ ತರಿಸಿದೆವು. ಅಂಗಾಲಿಗೆ ಪ್ಯಾಡ್ ಹಚ್ಚಿ ಫುಲ್ ಇಟ್ಟರೂ ಅವರಿಗೆ ಏನೂ ಗೊತ್ತಾಗುತ್ತಿಲ್ಲ. ಮಷಿನ್ ಹಾಳಾಗಿದೆಯೇ? (ಅಂಕೋಲಾ)

ಹಾಳಾಗಿರುವುದು ಮಷಿನ್ ಅಲ್ಲ, ಅಂಗಾಲಿನ ಸ್ಪರ್ಶ. ಅಂಗಾಲಿಗೆ ಹಚ್ಚುವುದನ್ನು ಇವತ್ತೇ ನಿಲ್ಲಿಸಿ. ಅಂಗಾಲು ಕೆಂಪಾಗಿದ್ದರೆ, ಗುಳ್ಳೆ ಎದ್ದಿದ್ದರೆ ವೈದ್ಯರಿಗೆ ತೋರಿಸಿ. ಕುಮಟಾ, ಹೊನ್ನಾವರ, ಕಾರವಾರ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಲೇ ಇದೆ.

ಟೆನ್ಸ್ ನೋವಿನ ನರವನ್ನು ಸುಡುವುದೂ ಇಲ್ಲ, ರಿಪೇರಿ ಮಾಡುವುದೂ ಇಲ್ಲ. ಸ್ಪರ್ಶ ಒಯ್ಯುವ ದಪ್ಪ ನರತಂತುಗಳನ್ನು ಕೆಣಕುತ್ತದೆ. ಅವು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಯುತ್ತವೆ. ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ವಿಚಾರವಿದು. ಆ ತಂತುಗಳೇ ಸತ್ತ ಜಾಗದಲ್ಲಿ ಕರೆಂಟು ಎಷ್ಟು ಏರಿಸಿದರೂ ಚರ್ಮ ಸುಡಬಹುದೇ ಹೊರತು ಉರಿ ಇಳಿಯದು.

ಮೊದಲು ಪರೀಕ್ಷೆ. ಅಮ್ಮ ಕಣ್ಣು ಮುಚ್ಚಿರಲಿ. ಹಿಡಿಕಡ್ಡಿಯ (ಪೊರಕೆ ಕಡ್ಡಿಯ) ಚೂಪು ತುದಿ, ಮೊಂಡು ತುದಿ ಅದಲುಬದಲಾಗಿ ಮೆಲ್ಲಗೆ ಮುಟ್ಟಿಸುತ್ತ ಪಾದದಿಂದ ಮೇಲಕ್ಕೆ ಬನ್ನಿ. ಯಾವುದು ಚೂಪು, ಯಾವುದು ಮೊಂಡು ಎಂದು ತಪ್ಪದೆ ಹೇಳುವ ಜಾಗ ಸಿಕ್ಕ ಮೇಲೆ, ಅದಕ್ಕಿಂತ ಮೇಲೆ ಎರಡೂ ಪ್ಯಾಡ್ ಹಚ್ಚಿ. ಸಾಮಾನ್ಯವಾಗಿ ಅದು ಮೀನಖಂಡದ ಆಸುಪಾಸು. 5 ಸೆಂ.ಮೀ. ಚೌಕದ ಪ್ಯಾಡ್ ಸಾಕು, ನಡುವೆ ಕನಿಷ್ಠ ಒಂದು ಪ್ಯಾಡಿನಷ್ಟು ಅಂತರವಿರಲಿ.

ತೆಂಗಿನೆಣ್ಣೆ ಹಚ್ಚಿದ ಕಾಲಿಗೆ ಪ್ಯಾಡ್ ನಿಲ್ಲದು. ಸೋಪು ಹಾಕಿ ತೊಳೆದು, ಒರೆಸಿ, ಫ್ಯಾನ್ ಕೆಳಗೆ ಒಣಗಿಸಿ. ಕರಾವಳಿಯ ಬೆವರಿಗೆ ಅಂಚು ಏಳುತ್ತದೆ. ಆಗ ಕರೆಂಟೆಲ್ಲ ಉಳಿದ ಚೂರಿನಲ್ಲೇ ನುಗ್ಗಿ ಚುಚ್ಚುತ್ತದೆ. ಅಂಟು ಹೋದ ಪ್ಯಾಡಿಗೆ ಸೆಲೋಟೇಪ್ ಸುತ್ತುವ ಜಾಣತನ ಬೇಡ, ಹೊಸದು ತನ್ನಿ.

80ರಿಂದ 100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಮಿಡಿತ), ಪಲ್ಸ್ ಅಗಲ (ಒಂದೊಂದು ಮಿಡಿತದ ಅವಧಿ) 100 ಮೈಕ್ರೊಸೆಕೆಂಡ್ ಇಟ್ಟು ಶುರುಮಾಡಿ. ಸೊನ್ನೆಯಿಂದ ನಿಧಾನ ಏರಿಸುತ್ತ, ಜುಮುಜುಮು ಜೋರಾಗಿ ಅನಿಸಿದರೂ ನೋಯದಿರುವಲ್ಲಿ, ಸ್ನಾಯು ಕುಣಿಯದಿರುವಲ್ಲಿ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಜುಮುಜುಮು ಮಂಕಾಗುತ್ತದೆ, ಆಗ ಒಂದು ಹಂತ ಮಾತ್ರ ಏರಿಸಿ. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ 30 ನಿಮಿಷ. ಹಚ್ಚಿಕೊಂಡು ನಿದ್ದೆ ಮಾಡಬಾರದು. ಮಷಿನ್ ಓಡುವಾಗ ಮತ್ತು ಬಳಿಕ ಒಂದಿಷ್ಟು ಹೊತ್ತು ಆರಾಮ ಸಿಕ್ಕಿದರೆ ಅದೇ ಫಲ. ನರನೋವಿಗೆ ಟೆನ್ಸ್ ಖಂಡಿತ ಕೆಲಸ ಮಾಡುತ್ತದೆ ಎನ್ನುವಷ್ಟು ಗಟ್ಟಿ ಪುರಾವೆಯೂ ಇಲ್ಲ. ಮೂರು ವಾರ ನೋಡಿ, ವ್ಯತ್ಯಾಸವಿಲ್ಲದಿದ್ದರೆ ಕಪಾಟಿಗೆ ಸೇರಿಸಿ. ಸಕ್ಕರೆಯ ಮಾತ್ರೆ, ಉರಿಯ ಮಾತ್ರೆ ಯಾವುದನ್ನೂ ಇದರ ನೆಪದಲ್ಲಿ ಬಿಡಬೇಡಿ.

ಪ್ರಶ್ನೆ: ಶಿಬಿರದಲ್ಲಿ ಕರೆಂಟು ಕೊಟ್ಟು ನರದ ಬ್ಲಾಕ್ ಬಿಡಿಸುತ್ತಾರಂತೆ, 40 ಸಿಟ್ಟಿಂಗ್. ಹೋಗಲೇ? (ಭಟ್ಕಳ)

ನರವೇನು ಕಟ್ಟಿಕೊಂಡ ಪೈಪೇ? ಹೋಗಬೇಡಿ. ಅಲ್ಲಿ ಸ್ಪರ್ಶ ಪರೀಕ್ಷಿಸಿದರೇ, ಪೇಸ್‌ಮೇಕರ್ ಇದೆಯೇ ಎಂದು ಕೇಳಿದರೇ, ಹೋಗಿ ಬಂದವರನ್ನು ವಿಚಾರಿಸಿ.

ಪ್ರಶ್ನೆ: ಅಪ್ಪನಿಗೆ ಪೇಸ್‌ಮೇಕರ್ ಇದೆ. ಕಡಿಮೆ ಇಟ್ಟು ಹಚ್ಚಬಹುದೇ? (ಕುಮಟಾ)

ಬೇಡ.

ಪ್ರಶ್ನೆ: ಸರ್ಪಸುತ್ತು ಮಾಗಿದರೂ ಪಕ್ಕೆಯಲ್ಲಿ ಬಟ್ಟೆ ತಾಗಿದರೆ ಉರಿ. (ಯಲ್ಲಾಪುರ)

ಉರಿಯುವ ಪಟ್ಟಿಯನ್ನು ಬಿಟ್ಟು, ಅದರ ಮೇಲೊಂದು ಕೆಳಗೊಂದು, ಸರಿಯಾಗಿರುವ ಚರ್ಮಕ್ಕೆ ಹಚ್ಚಿ. ಎದೆಗೊಂದು ಬೆನ್ನಿಗೊಂದು ಹಚ್ಚಬಾರದು.

ಪ್ರಶ್ನೆ: ಸೊಂಟದಿಂದ ಕಾಲಿಗೆ ಸೆಳೆತ. ಮಷಿನ್ ಕಟ್ಟಿಕೊಂಡೇ ಅಡಿಕೆ ಮರ ಹತ್ತಬಹುದೇ? (ಶಿರಸಿ)

ಖಂಡಿತ ಬೇಡ. ಬೆವರಿಗೆ ಪ್ಯಾಡ್ ಎದ್ದು ಚುರುಕ್ಕೆಂದರೆ ಕೈ ಬಿಡುತ್ತೀರಿ. ಇನ್ನು, ಪಾದ ಎತ್ತಲಾಗದಿದ್ದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಮಷಿನ್ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.