ಸಿಆರ್‌ಪಿ 4.8 ಅಂತೆ, ಹೆದರಬೇಕಾ?

ಮಂಡ್ಯದ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಅಂದಿದ್ದಾರೆ. ವಯಸ್ಸು 47, ತೂಕ 79 ಕೆಜಿ. ಪ್ಯಾಕೇಜ್ ಚೆಕಪ್ ಮಾಡಿಸಿದಾಗ ಎಚ್‌ಎಸ್-ಸಿಆರ್‌ಪಿ (ರಕ್ತದಲ್ಲಿನ ಸಿಆರ್‌ಪಿಯನ್ನು ಸೂಕ್ಷ್ಮವಾಗಿ ಅಳೆಯುವ ಪರೀಕ್ಷೆ) 4.8 ಬಂದು, ಪಕ್ಕದಲ್ಲಿ ಕೆಂಪು ಬಾಣ ಬಿದ್ದಿದೆ. ಒಳಗೆಲ್ಲೋ ಉರಿಯೂತ ಇದೆ ಅಂತ ಮನೆಯವರೆಲ್ಲ ಗಾಬರಿ. ಮುದ್ದೆ ಬಿಟ್ಟು ಓಟ್ಸ್ ಶುರು ಮಾಡಿದ್ದಾರೆ, ಅರಿಶಿನದ ಮಾತ್ರೆ ತಗೊಳ್ಳಲಾ ಅಂತ ಕೇಳಿದ್ದಾರೆ.

ಅಕ್ಕಾ, ಮೊದಲು ಆ ಬಾಣ ನೋಡೋದು ಬಿಡಿ. ಸಿಆರ್‌ಪಿ ಅನ್ನೋದು ರೋಗವಲ್ಲ, ಲಿವರ್ ತಯಾರಿಸುವ ಒಂದು ಪ್ರೋಟೀನ್. ಮೈಯಲ್ಲಿ ಎಲ್ಲಾದರೂ ಸೋಂಕೋ ಗಾಯವೋ ಆದರೆ ಐಎಲ್-6 ಅನ್ನುವ ರಾಸಾಯನಿಕ ಲಿವರ್‌ಗೆ ಸುದ್ದಿ ಮುಟ್ಟಿಸುತ್ತದೆ, ಲಿವರ್ ಸಿಆರ್‌ಪಿ ಬಿಡುತ್ತದೆ. ಗಾಯವೇ ಇಲ್ಲದಿದ್ದರೂ ಅದೇ ಸುದ್ದಿ ಕಳಿಸುವ ಇನ್ನೊಂದು ಜಾಗ ಇದೆ. ಅದೇ ಹೊಟ್ಟೆಯ ಕೊಬ್ಬು.

ಕೊಬ್ಬು ಅಂದರೆ ಗೋಡೌನಿನ ಮೂಟೆ ಹಾಗೆ ಸುಮ್ನೆ ಬಿದ್ದಿರುತ್ತೆ ಅಂದುಕೊಂಡಿದ್ದೆವು, ಅಲ್ವಾ? ಹಾಗಿಲ್ಲ. ಕೊಬ್ಬಿನ ಕೋಶಗಳು ಉಬ್ಬಿದಾಗ ರಕ್ಷಣಾ ಕೋಶಗಳು ಅಲ್ಲಿ ಬಂದು ಸೇರುತ್ತವೆ, ಐಎಲ್-6 ಹೊರಡುತ್ತದೆ, ಕರುಳಿನ ಸುತ್ತಲಿನ ಕೊಬ್ಬಿನ ರಕ್ತವಂತೂ ನೇರ ಲಿವರ್‌ಗೇ ಹೋಗುತ್ತದೆ. ಜ್ವರ ಇಲ್ಲ, ನೋವಿಲ್ಲ. ನಿಮ್ಮ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸಿದ ಮೇಲೂ ಒಲೆ ಕಾವಾಡುತ್ತಿರುತ್ತಲ್ಲ, ಹಾಗೆ. ತೂಕ ಏರಿದರೆ ಸಿಆರ್‌ಪಿ ಏರುತ್ತದೆ, ಸಿಆರ್‌ಪಿಯಿಂದ ತೂಕ ಏರೋದಿಲ್ಲ. ಜೀನ್ ಆಧಾರಿತ ಅಧ್ಯಯನಗಳು ತೋರಿಸುವುದೂ ಇದನ್ನೇ. ಹಾಗಾಗಿ 'ಉರಿಯೂತ ಇಳಿಸಿ, ತೂಕ ತಾನಾಗೇ ಇಳಿಯುತ್ತೆ' ಅನ್ನುವ ಜಾಹೀರಾತು ನನಗೆ ಎತ್ತಿನ ಮುಂದೆ ಗಾಡಿ ಕಟ್ಟಿದ ಹಾಗೆ ಕಾಣುತ್ತದೆ.

ಈಗ ಅಂಕಿ. ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಜಾಸ್ತಿ. 10 ದಾಟಿದರೆ ಮಾತ್ರ ಸೋಂಕೇನಾದರೂ ಇದೆಯಾ ಅಂತ ಹುಡುಕಬೇಕು. ಕೆಲವು ಲ್ಯಾಬ್‌ಗಳು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಆಗ ಹತ್ತು ಪಟ್ಟು ವ್ಯತ್ಯಾಸ, ನೋಡಿಕೊಳ್ಳಿ. ನನ್ನದೇ ಕಥೆ ಹೇಳ್ತೀನಿ: ಹೋದ ವರ್ಷ ದವಡೆ ಹಲ್ಲು ಊದಿಕೊಂಡಿದ್ದ ವಾರದಲ್ಲೇ ರಕ್ತ ಕೊಟ್ಟು ಬಂದೆ, 14 ಬಂತು. ಮೈಸೂರಿನ ಆ ಲ್ಯಾಬಿನವರು ಏನೂ ಕೇಳದೆ ಹೃದ್ರೋಗ ತಜ್ಞರ ಹತ್ತಿರ ಹೋಗಿ ಅಂದರು. ಹಲ್ಲು ಕೀಳಿಸಿ ಮೂರು ವಾರ ಬಿಟ್ಟು ಮತ್ತೆ ಮಾಡಿಸಿದರೆ 2.1! ಹಾರ್ಮೋನ್ ಮಾತ್ರೆ, ಸಿಗರೇಟು, ಒಸಡಿನ ತೊಂದರೆ, ಇವೂ ಏರಿಸುತ್ತವೆ.

ಅರಿಶಿನ ಸಾರಿನಲ್ಲಿರಲಿ, ಮಾತ್ರೆ ಬೇಡ. ಅಂಥ ಮಾತ್ರೆಗಳಿಂದ ಲಿವರ್‌ಗೇ ಪೆಟ್ಟು ಬಿದ್ದ ಪ್ರಕರಣಗಳಿವೆ. ಮುದ್ದೆಯನ್ನೂ ಬಿಡಬೇಡಿ, ಪಾಪ ಅದೇನು ಮಾಡಿತ್ತು? ಸಂಜೆ ಕಾಫಿ ಜೊತೆಗಿನ ಮದ್ದೂರು ವಡೆ ಲೆಕ್ಕ ನೋಡಿ. ನಾಲ್ಕೈದು ಕೆಜಿ ಇಳಿದರೂ ಸಾಮಾನ್ಯವಾಗಿ ಸಿಆರ್‌ಪಿ ಜೊತೆಗೇ ಇಳಿಯುತ್ತದೆ. ಟೈಲರ್ ಟೇಪ್ ತಗೊಂಡು ಸೊಂಟ ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂ.ಮೀ. ಮಿತಿ, ಗಂಡಸರಿಗೆ 90. ನೆಗಡಿ, ಜ್ವರ ಇಲ್ಲದಾಗ, ಎರಡು ವಾರ ಬಿಟ್ಟು ಅದೇ ಲ್ಯಾಬಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಆಮೇಲೆ, ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಷ್ಟು ಅಂತ ನೀವು ಬರೆದೇ ಇಲ್ಲ. ಡಾಕ್ಟರು ಮೊದಲು ಕೇಳೋದು ಅದನ್ನೇ, ರಿಪೋರ್ಟಿನ ಎಲ್ಲಾ ಹಾಳೆ ಜೊತೆಗಿಟ್ಟುಕೊಂಡು ಹೋಗಿ.

— ಸಂ.