ಚೀಟಿ ಎತ್ತಿದ ಮೇಲೆ ಏನಾಯಿತು ಅಂತ ಹೇಳಬೇಡವೇ?

ವಿರಾಜಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "2016ರಲ್ಲಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಮಾಡಿಸಿಕೊಂಡೆ. ಗರ್ಭಕೋಶದ ಒಳಪದರವನ್ನು ಮೊದಲೇ ಸ್ವಲ್ಪ ಕೆರೆದರೆ ಗರ್ಭ ನಿಲ್ಲುತ್ತದಾ ಅಂತ ಅಲ್ಲಿ ಪ್ರಯೋಗ ನಡೆಯುತ್ತಿತ್ತು. ಸೇರಿದೆ. ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು, ಕೆರೆಯದ ಗುಂಪಿಗೆ ಬಿದ್ದೆ. ಗರ್ಭ ನಿಲ್ಲಲಿಲ್ಲ. ಆ ಇನ್ನೊಂದು ಗುಂಪು ಸಿಕ್ಕಿದ್ದರೆ? ಪ್ರಯೋಗದಿಂದ ಏನು ಗೊತ್ತಾಯಿತು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಸೇರಿದ್ದೇ ತಪ್ಪಾ?"

ತಂಗಿ, ಮೊದಲು ಆ "ಇನ್ನೊಂದು ಗುಂಪಿನ" ಕೊರಗನ್ನು ಬಿಡಿ. ಐದು ದೇಶಗಳಲ್ಲಿ 1364 ಹೆಂಗಸರ ಮೇಲೆ ಇಂಥದ್ದೇ ಪ್ರಯೋಗ ನಡೆದು 2019ರಲ್ಲಿ ಪ್ರಕಟವಾಯಿತು. ಕೆರೆದವರಲ್ಲಿ ಮಗು ಹುಟ್ಟಿದ್ದು ಶೇ. 26.1. ಕೆರೆಯದವರಲ್ಲೂ ಶೇ. 26.1. ನೀವು ಏನನ್ನೂ ಕಳೆದುಕೊಳ್ಳಲಿಲ್ಲ, ಒಂದು ನೋವು ತಪ್ಪಿತು ಅಷ್ಟೇ. ಇಷ್ಟನ್ನು ಹೇಳೋಕೆ ಒಂದು ಪೋಸ್ಟ್ ಕಾರ್ಡ್ ಸಾಕಿತ್ತು. ಇಷ್ಟು ವರ್ಷ ನೀವು ಸುಮ್ನೆ ಸಂಕಟಪಟ್ಟಿರಿ ಅಂತ ನನಗೆ ಸಿಟ್ಟು ಬರುತ್ತದೆ.

ಡಾಕ್ಟರುಗಳ ಮಾತೂ ಸರಿಯೇ. ಚೀಟಿ ಎತ್ತಿದ ಹಾಗೆ ಗುಂಪು ಮಾಡದಿದ್ದರೆ ಯಾವ ಚಿಕಿತ್ಸೆ ನಿಜ, ಯಾವುದು ಬರೀ ದುಡ್ಡಿನ ದಾರಿ ಅಂತ ಗೊತ್ತಾಗುವುದಿಲ್ಲ. ಒಪ್ಪಿದೆ. ಆದರೆ ಚೀಟಿ ಎತ್ತುವ ದಿನ ಇರುವ ಆಸಕ್ತಿ ಆಮೇಲೆ ಎಲ್ಲಿ ಹೋಗುತ್ತದೆ?

ಕುಶಾಲನಗರದಲ್ಲಿ ನಮ್ಮ ಪರಿಚಯದ ಸಿಸ್ಟರ್ ಒಬ್ಬರಿದ್ದಾರೆ. ಇಂಥ ಪ್ರಯೋಗಕ್ಕೆ ಹೆಂಗಸರನ್ನು ಸೇರಿಸುವ ಕೆಲಸ ಮಾಡಿದವರು. "ಅಂಡಾಣು ತೆಗೆಯುವ ದಿನ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ನಡುಗುತ್ತಾ ಕೂತವರ ಹತ್ತಿರ ಸಹಿ ಕೇಳಬೇಕಿತ್ತು ಅಣ್ಣ. ಏನು ಕೊಟ್ಟರೂ ಸಹಿ ಹಾಕುತ್ತಿದ್ದರು. ಅದೇ ನನಗೆ ಹೆದರಿಕೆ" ಅಂದರು. ಫೇಲಾದ ಸುದ್ದಿಯನ್ನು ಫೋನ್ ಮಾಡಿ ಹೇಳುವುದೂ ಅವರದ್ದೇ ಪಾಲು. ಆಮೇಲೆ ಪ್ರಕಟವಾದ ಸಂಶೋಧನಾ ಪ್ರಬಂಧದಲ್ಲಿ ಅವರ ಹೆಸರು ಬರಲಿಲ್ಲ.

ಇದು ಹೊಸದಲ್ಲ. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತಲ್ಲ, ಅದರ ಹಿಂದೆ ಇದ್ದವರು ಮೂವರು. ವಿಜ್ಞಾನಿ ಎಡ್ವರ್ಡ್ಸ್, ಡಾಕ್ಟರ್ ಸ್ಟೆಪ್ಟೋ, ಮತ್ತೆ ನರ್ಸ್ ಆಗಿದ್ದ ಜೀನ್ ಪರ್ಡಿ. ಆಸ್ಪತ್ರೆಯ ಫಲಕದಲ್ಲಿ ಪರ್ಡಿ ಹೆಸರು ಹಾಕಿ ಅಂತ ಎಡ್ವರ್ಡ್ಸ್ ಕೇಳಿಕೊಂಡರೂ ಹಾಕಲಿಲ್ಲ. ಆಕೆ 1985ರಲ್ಲಿ, 39ನೇ ವಯಸ್ಸಿಗೇ ತೀರಿಕೊಂಡರು. ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ಬಂತು.

ಇನ್ನು ಸಹಿ ಹಾಕಿಸಿಕೊಳ್ಳುವ ಆ ಒಪ್ಪಿಗೆ ಕಾಗದಗಳ ಕನ್ನಡ. "ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಅಂದರೆ ಗೋಣಿಕೊಪ್ಪ ಸಂತೆಯಲ್ಲಿ ಯಾರಿಗೆ ಅರ್ಥವಾಗುತ್ತದೆ? ಚೀಟಿ ಎತ್ತಿದ ಹಾಗೆ ಗುಂಪಿಗೆ ಹಾಕುತ್ತೇವೆ ಅಂದರೆ ಸಾಕು. ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು ಅಂತ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಹೇಳುತ್ತದೆ. ಬ್ಯಾಂಕಿನ ಫಾರಂ, ವಿಮೆಯ ಕಾಗದ, ಬೆಳೆ ಪರಿಹಾರದ ಅರ್ಜಿ, ಎಲ್ಲದರದ್ದೂ ಇದೇ ಕಥೆ ಅಲ್ವಾ? ನಮ್ಮ ಭಾಷೆಯಲ್ಲೇ ಬರೆದು ನಮ್ಮನ್ನೇ ಹೊರಗಿಡುತ್ತಾರೆ.

ಒಂದು ಮಾತಿಗೆ ನಿಮ್ಮನ್ನು ಗದರಬೇಕು. "ಸೇರಿದ್ದೇ ತಪ್ಪಾ" ಅಂತ ಯಾಕೆ ಕೇಳಿದಿರಿ? ಪುತ್ತರಿ ಹಬ್ಬಕ್ಕೆ ಬಂದ ನೆಂಟರು "ಇನ್ನೂ ಏನೂ ಇಲ್ವಾ" ಅಂದಾಗಲೆಲ್ಲ ತಪ್ಪನ್ನು ತನ್ನ ಮೇಲೇ ಎಳೆದುಕೊಳ್ಳುವ ಅಭ್ಯಾಸ ಇದು. ಪ್ರಯೋಗಕ್ಕೆ ಮೈ ಕೊಟ್ಟವರು ನೀವು. ಕೇಳುವ ಹಕ್ಕು ನಿಮ್ಮದು.

ಸಹಿ ಮಾಡಿದ ಕಾಗದದ ಪ್ರತಿ ಮನೆಯಲ್ಲಿದೆಯಾ ಹುಡುಕಿ. ಪ್ರಯೋಗಗಳು ಸರಿಯಾಗಿ ನಡೆಯುತ್ತವಾ ಅಂತ ನೋಡುವ ಆಸ್ಪತ್ರೆಯ ನೈತಿಕ ಸಮಿತಿಗೆ ಪತ್ರ ಹಾಕಿ, ಫಲಿತಾಂಶ ಕೇಳಿ. ಈಗ ಕಾಫಿ ಕೊಯ್ಲಿನ ಗಡಿಬಿಡಿ ಇರುತ್ತದೆ, ಗೊತ್ತು. ಪತ್ರದ ಕರಡನ್ನು ಈ ವಾರವೇ ನಾನು ಬರೆದು ಕಳಿಸುತ್ತೇನೆ.

— ಸಂ.